ಕೈ ಕೆಸರಾದ ಬೇಸಿಗೆ: ಮನೆ, ಕೈತೋಟ ಮತ್ತು ಆರೋಗ್ಯ

ಮನುಷ್ಯನ ಆರೋಗ್ಯವು ವೈದ್ಯರ ಕೊಠಡಿಯಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ. ಅದರ ಬಹುಪಾಲು ಮನೆಯ ಕಿಟಕಿ, ಒಲೆ, ನೀರಿನ ತೊಟ್ಟಿ ಮತ್ತು ಹಿತ್ತಿಲುಗಳ ನಡುವೆ ದಿನದಿನವೂ ರೂಪುಗೊಳ್ಳುತ್ತದೆ. ಈ ಮಾತು ಎಲ್ಲರಿಗೂ ತಿಳಿದದ್ದೇ ಆದರೂ ಮಹಾನಗರದ ಅವಸರದ ಬದುಕಿನಲ್ಲಿ ಅದನ್ನು ಪರೀಕ್ಷಿಸಿ ನೋಡುವ ಅವಕಾಶ ಒದಗುವುದು ವಿರಳ. 2020ರ ಬೇಸಿಗೆಯು ಹೈದರಾಬಾದಿನ ಕನ್ನಡಿಗರಿಗೆ ಅಂಥದೊಂದು ಅವಕಾಶವನ್ನು, ಯಾರೂ ಬಯಸದಿದ್ದರೂ, ತಂದೊಡ್ಡಿತು.

ಆ ವರ್ಷದ ಮಾರ್ಚ್ 2ರಂದು ತೆಲಂಗಾಣದಲ್ಲಿ ಮೊದಲ ಕೋವಿಡ್ ರೋಗಿ ಪತ್ತೆಯಾದ ಸುದ್ದಿ ಬಂದಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ಜಾಗತಿಕ ಪಿಡುಗೆಂದು ಸಾರಿತು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ನಡೆಯಿತು. ಪ್ರಯಾಣಿಕರ ರೈಲುಗಳನ್ನೆಲ್ಲ ನಿಲ್ಲಿಸುವ ಆಜ್ಞೆಯೂ ಅಂದೇ ಹೊರಟಿತು. ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಪಂಚಾಂಗದಲ್ಲಿ ಯುಗಾದಿ. ಅಂದು ಕಾಲಿರಿಸಿದ್ದು ಶಾರ್ವರಿ ಸಂವತ್ಸರ. ಶಾರ್ವರಿ ಎಂದರೆ ರಾತ್ರಿ ಎಂದರ್ಥ. ಬಂಧುಮಿತ್ರರ ಸುಳಿವಿಲ್ಲದ ಮನೆಗಳಲ್ಲಿ ಅಂದು ಬೇವು ಬೆಲ್ಲಗಳನ್ನು ಸೇವಿಸಿದವರಿಗೆ ಆ ಹೆಸರು ಎಷ್ಟು ಅನ್ವರ್ಥಕವೆಂಬುದು ಕೆಲವೇ ವಾರಗಳಲ್ಲಿ ಮನವರಿಕೆಯಾಯಿತು.

ಈ ನಗರದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದವರು ಬಹಳ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತು. ಬೇಸಿಗೆಯ ರಜೆಯೆಂದರೆ ಮಕ್ಕಳು ಅಜ್ಜಿಯ ಊರಿಗೆ ಹೊರಡುವುದು ವಾಡಿಕೆ. ಆ ವರ್ಷ ಕಾಚಿಗುಡದ ರೈಲು ನಿಲ್ದಾಣ ಮೌನವಾಗಿತ್ತು. ರಾಜ್ಯದ ಗಡಿಗಳು ಮುಚ್ಚಿದ್ದವು. ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದ್ದರೆ, ಹಗಲಿನಲ್ಲಿ ದಿನಸಿಗಾಗಿ ಹೊರಟರೂ ಮನೆಯಿಂದ 3 ಕಿಲೋಮೀಟರಿನ ಎಲ್ಲೆಯನ್ನು ದಾಟುವಂತಿರಲಿಲ್ಲ. ಬೀದಿಬೀದಿಗೆ ಬರುತ್ತಿದ್ದ ಸಂಚಾರಿ ರೈತುಬಜಾರಿನ ವಾಹನವೇ ಅನೇಕರಿಗೆ ಸಂತೆಯಾಯಿತು. ಹೀಗೆ ಎರಡು ತಿಂಗಳಿಗೂ ಮಿಗಿಲಾದ ಕಾಲ ಮನೆಯೇ ಕಚೇರಿ, ಮನೆಯೇ ಶಾಲೆ, ಮಹಡಿಯೇ ಉದ್ಯಾನವಾಯಿತು.

ಹಳೆಯ ಪಿಡುಗುಗಳು ಕಲಿಸಿದ ಪಾಠ

ಸಾಂಕ್ರಾಮಿಕ ರೋಗಗಳು ಹೈದರಾಬಾದಿಗೆ ಹೊಸವಲ್ಲ. 1591ರಲ್ಲಿ ಚಾರ್ಮಿನಾರನ್ನು ಕಟ್ಟಿಸಿದ್ದು ಪಿಡುಗೊಂದು ತೊಲಗಿದುದರ ನೆನಪಿಗಾಗಿ ಎಂಬ ಪ್ರತೀತಿಯುಂಟು. ಕ್ವಾರಂಟೈನ್ ಎಂಬ ಶಬ್ದವು 2020ರಲ್ಲಿ ಅನೇಕರ ಕಿವಿಗೆ ಹೊಸದೆನಿಸಿದರೂ, ನಲ್ಲಕುಂಟದ ಜ್ವರದ ಆಸ್ಪತ್ರೆಯನ್ನು ಇಲ್ಲಿಯ ಜನ ಬಹು ಹಿಂದಿನಿಂದಲೇ ‘ಕೋರಂಟಿ ದವಾಖಾನೆ’ ಎಂದು ಕರೆಯುತ್ತ ಬಂದಿದ್ದಾರೆ. ಆ ಶಬ್ದವೇ ಜನರ ನಾಲಗೆಯಲ್ಲಿ ಸವೆದು ಹೀಗಾಗಿದೆ.

1908ರ ಮೂಸಿ ನದಿಯ ಪ್ರವಾಹ ಮತ್ತು 1911ರ ಪ್ಲೇಗು, ಇವೆರಡರ ಪೆಟ್ಟು ತಿಂದ ಬಳಿಕ 1912ರಲ್ಲಿ ಇಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪಿತವಾಯಿತು. ಇಕ್ಕಟ್ಟಾದ ಓಣಿಗಳನ್ನು ಅಗಲಗೊಳಿಸುವುದು, ಗಾಳಿ ಬೆಳಕುಗಳಿರುವ ಮನೆಗಳನ್ನು ಕಟ್ಟಿಸುವುದು ಅದರ ಕಾರ್ಯವಾಗಿತ್ತು. ಕರ್ನಾಟಕದಲ್ಲಿಯೂ ಹೀಗೆಯೇ ಆಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆಯೇ ಬಸವನಗುಡಿ ಮತ್ತು ಮಲ್ಲೇಶ್ವರಗಳು ಅಗಲವಾದ ಬೀದಿಗಳ, ಹಿತ್ತಿಲುಗಳ ಬಡಾವಣೆಗಳಾಗಿ ಬೆಳೆದವು. ಅಂದರೆ ಮನೆಯ ಸುತ್ತ ತೆರೆದ ಜಾಗವಿರಬೇಕೆಂಬುದು ಶೋಕಿಯ ಮಾತಲ್ಲ. ಸಾವುಗಳನ್ನು ಕಂಡ ಜನ ಕಲಿತ ವಿವೇಕ.

ಈ ವಿವೇಕದ ಬೆಲೆ ಕೋವಿಡ್ ಕಾಲದಲ್ಲಿ ಮತ್ತೊಮ್ಮೆ ತಿಳಿಯಿತು. ಮೊದಲ ವಾರಗಳಲ್ಲಿ ಜನರ ಗಮನವೆಲ್ಲ ವಸ್ತುಗಳನ್ನು ತೊಳೆಯುವುದರಲ್ಲಿತ್ತು. ಹಾಲಿನ ಪೊಟ್ಟಣ, ಬಾಗಿಲ ಚಿಲಕ, ನೋಟು, ನಾಣ್ಯ, ಯಾವುದೂ ಶಂಕೆಗೆ ಹೊರತಾಗಿರಲಿಲ್ಲ. ತರಕಾರಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿದವರೂ ಉಂಟು. ಇದು ಸರಿಯಾದ ಕ್ರಮವಲ್ಲ. ಸಾಬೂನು ವೈರಾಣುವಿನ ಜಿಡ್ಡಿನ ಹೊದಿಕೆಯನ್ನು ಒಡೆಯುವುದರಿಂದ ಕೈಗಳನ್ನು 20 ಸೆಕೆಂಡುಗಳ ಕಾಲ ಉಜ್ಜಿ ತೊಳೆಯುವುದು ಅತ್ಯುತ್ತಮ. ಆದರೆ ಹೊಟ್ಟೆಗೆ ಹೋಗುವ ಕಾಯಿಪಲ್ಲೆಗಳಿಗೆ ಶುದ್ಧವಾದ ನೀರೇ ತಕ್ಕುದು. ಈ ರೋಗವು ಹೆಚ್ಚಾಗಿ ಹರಡುವುದು ವಸ್ತುಗಳಿಂದಲ್ಲ, ಉಸಿರಿನೊಡನೆ ಹೊರಬೀಳುವ ಸೂಕ್ಷ್ಮ ಕಣಗಳಿಂದ, ಅದೂ ಮುಚ್ಚಿದ ಕೋಣೆಗಳಲ್ಲಿ, ಎಂಬುದು ಬಳಿಕ ಸ್ಪಷ್ಟವಾಯಿತು. ಚಿಲಕವನ್ನು ಹತ್ತು ಬಾರಿ ಒರೆಸುವುದಕ್ಕಿಂತ ಕಿಟಕಿಯನ್ನು ಒಮ್ಮೆ ತೆರೆದಿಡುವುದೇ ಹೆಚ್ಚಿನ ರಕ್ಷಣೆಯಾಗಿತ್ತು.

ಮಸಾಲೆ ಡಬ್ಬಿಯೇ ಬೀಜದ ಅಂಗಡಿ

ಮಹಡಿಗೆ, ಬಾಲ್ಕನಿಗೆ ಹೋಗಿ ನಿಲ್ಲಲು ಮನುಷ್ಯನಿಗೆ ಒಂದು ನೆಪ ಬೇಕು. ಆ ನೆಪವನ್ನು ಒದಗಿಸಿದ್ದು ಕುಂಡಗಳು. ಬೀಜದ ಅಂಗಡಿಗೆ ಹೋಗುವುದು ಕಷ್ಟವಾದಾಗ ಗೃಹಿಣಿಯರಿಗೆ ಮಸಾಲೆ ಡಬ್ಬಿ ನೆನಪಾಯಿತು. ಮೆಂತ್ಯ, ಕೊತ್ತಂಬರಿ, ಸಾಸಿವೆ, ಈ ಮೂರೂ ಅಡುಗೆಮನೆಯಲ್ಲಿಯೇ ಇರುವ ಬೀಜಗಳು. ರಾತ್ರಿ ನೆನೆಸಿದ ಮೆಂತ್ಯವನ್ನು ಒಂದು ಗೇಣು ಆಳದ ಮಣ್ಣಿನಲ್ಲಿ ಚೆಲ್ಲಿದರೆ ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಕೊತ್ತಂಬರಿ ಕಾಳನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಬೇಕು. ಪುದೀನ ಮತ್ತು ಬಸಳೆಗಳಿಗೆ ಬೀಜವೂ ಬೇಡ. ಕಟ್ಟಿನಲ್ಲಿ ಉಳಿದ ಒಳ್ಳೆಯ ದಂಟನ್ನು ನೀರಿನಲ್ಲಿಟ್ಟರೆ ಬೇರು ಬಿಡುತ್ತದೆ.

ಹೈದರಾಬಾದಿನ ಬೇಸಿಗೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಈ ಬಿಸಿಲಿಗೆ ತಡೆಯುವವು ದಂಟು, ಬಸಳೆ ಮತ್ತು ಪುಂಡಿ. ಉತ್ತರ ಕರ್ನಾಟಕದವರ ಪುಂಡಿಪಲ್ಯವೇ ತೆಲುಗರ ಗೋಂಗೂರ. ತೆಲಂಗಾಣದ ಹಳ್ಳಿಗಳಲ್ಲಿ ಅದನ್ನು ‘ಪುಂಟಿಕೂರ’ ಎನ್ನುವುದನ್ನು ಕೇಳಿದರೆ ಗಡಿಯ ಎರಡೂ ಬದಿಯ ಅಡುಗೆಮನೆಗಳ ನಂಟು ತಾನಾಗಿ ತಿಳಿಯುತ್ತದೆ. ಮೆಂತ್ಯ, ಕೊತ್ತಂಬರಿಗಳಿಗೆ ಮಧ್ಯಾಹ್ನದ ನೆರಳು ಅಗತ್ಯ. ನೀರನ್ನು ಬೆಳಗಿನ ಹೊತ್ತು, ಬಿಸಿಲೇರುವ ಮೊದಲೇ ಎರೆಯಬೇಕು. ಮಣ್ಣಿನ ಮೇಲೆ ಒಣಗಿದ ಎಲೆಗಳನ್ನು ಹೊದಿಸಿದರೆ ತೇವ ಬೇಗ ಆರುವುದಿಲ್ಲ. ಕುಂಡದ ಗಿಡಗಳು ನೀರಿಲ್ಲದೆ ಸಾಯುವಂತೆ ನೀರು ಹೆಚ್ಚಾಗಿ ಬೇರು ಕೊಳೆತೂ ಸಾಯುತ್ತವೆ. ಆದುದರಿಂದ ಬೆರಳನ್ನು ಮಣ್ಣಿಗೆ ಊರಿ, ಒಣಗಿದ್ದರೆ ಮಾತ್ರ ನೀರು ಹಾಕುವುದು ಲೇಸು.

ಇದರಿಂದ ಮನೆಯ ತರಕಾರಿಯ ಖರ್ಚು ಗಣನೀಯವಾಗಿ ಇಳಿಯಿತೆಂದು ಯಾರೂ ಹೇಳಲಾರರು. ಲಾಭವಾದದ್ದು ಬೇರೆ ರೀತಿಯಲ್ಲಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಾದರೂ ಸಾಧಾರಣ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೊಡ ಹೊರುವುದು, ಮಣ್ಣು ಸಡಿಲಿಸುವುದು, ಬಗ್ಗಿ ಕಳೆ ಕೀಳುವುದು, ಇವೆಲ್ಲ ಆ ಲೆಕ್ಕಕ್ಕೆ ಜಮೆಯಾಗುತ್ತವೆ. ವಾಯುಸಂಚಾರ ನಿಂತುಹೋದ ಸಕ್ಕರೆ ಕಾಯಿಲೆಯ ಹಿರಿಯರಿಗೆ ಇದು ದೊಡ್ಡ ಆಸರೆ. ಮೇಲಾಗಿ ಬೆಳಗಾದರೆ ಮಾಡಲೊಂದು ಕೆಲಸವಿದೆ ಎಂಬ ಭಾವನೆಯು, ರೋಗಿಗಳ ಸಂಖ್ಯೆಯನ್ನೇ ದಿನವಿಡೀ ದೂರದರ್ಶನದಲ್ಲಿ ನೋಡುತ್ತ ಕುಳಿತ ಮನಸ್ಸಿಗೆ ಔಷಧದಂತಿತ್ತು.

ಆದರೂ ಕೆಲವು ಎಚ್ಚರಿಕೆಗಳು ಅವಶ್ಯ. ಮಣ್ಣಿನ ಕೆಲಸದಲ್ಲಿ ಗಾಯವಾದರೆ ಸೋಪಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಅಗತ್ಯವನ್ನು ವೈದ್ಯರಲ್ಲಿ ವಿಚಾರಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಸೇವಿಸುವವರು ಮತ್ತು ಮೂತ್ರಪಿಂಡದಲ್ಲಿ ಕಲ್ಲಿರುವವರು ಸೊಪ್ಪಿನ ಪ್ರಮಾಣವನ್ನು ವೈದ್ಯರ ಸಲಹೆಯಂತೆ ಇರಿಸಿಕೊಳ್ಳಬೇಕು. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮಹಡಿಯ ಕೆಲಸ ಸಲ್ಲದು. ದಣಿವಿಗೆ ಮಜ್ಜಿಗೆ ಅಥವಾ ಜೋಳದ ಅಂಬಲಿ ಹಿತಕರ. ರಕ್ತದ ಒತ್ತಡವಿದ್ದವರು ಅದಕ್ಕೆ ಉಪ್ಪನ್ನು ಮಿತವಾಗಿ ಬೆರೆಸಲಿ.

ನಿಂತ ನೀರು

ಕೈತೋಟದೊಡನೆ ಮನೆಯೊಳಗೆ ಬರುವ ಬೇಡದ ಅತಿಥಿ ಸೊಳ್ಳೆ. ಸೊಳ್ಳೆಗೂ ಈ ನಗರಕ್ಕೂ ಒಂದು ಚಾರಿತ್ರಿಕ ಸಂಬಂಧವಿದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿಯೇ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡುಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು.

ಡೆಂಗೆ ಹರಡುವ ಸೊಳ್ಳೆಯ ಜಾತಿ ಬೇರೆ. ಅದು ಚರಂಡಿಗಿಂತ ಶುಭ್ರವಾದ ನಿಂತ ನೀರನ್ನೇ ಬಯಸುತ್ತದೆ, ಕಚ್ಚುವುದು ಹಗಲಿನಲ್ಲಿ. ಕುಂಡದ ಕೆಳಗಿನ ತಟ್ಟೆ, ಏರ್ ಕೂಲರಿನ ತೊಟ್ಟಿ, ಹಕ್ಕಿಗಳಿಗೆಂದು ಇಟ್ಟ ನೀರಿನ ಬಟ್ಟಲು, ಇವೆಲ್ಲ ಅದರ ತವರುಮನೆ. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಅದಕ್ಕೆ ಸುಮಾರು ಎಂಟು ಹತ್ತು ದಿನಗಳು ಸಾಕು. ಆದುದರಿಂದ ವಾರಕ್ಕೊಮ್ಮೆ ಈ ಪಾತ್ರೆಗಳನ್ನು ಬರಿದುಮಾಡಿ ಉಜ್ಜಿದರೆ ಅದರ ಸಂತಾನ ಬೆಳೆಯದು. ಈ ತತ್ತ್ವದ ಮೇಲೆಯೇ 2020ರ ಮೇ 10ರಂದು ತೆಲಂಗಾಣ ಸರ್ಕಾರದ ನಗರಾಡಳಿತ ಇಲಾಖೆಯು ಪ್ರತಿ ಭಾನುವಾರ ಹತ್ತು ಗಂಟೆಗೆ ಹತ್ತು ನಿಮಿಷ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಒಂದು ಪಿಡುಗಿನ ನಡುವೆ ಇನ್ನೊಂದನ್ನು ಮರೆಯಬಾರದೆಂಬ ದೂರದೃಷ್ಟಿ ಅದರಲ್ಲಿತ್ತು.

ಕೆಸರಾದುದು ಯಾರ ಕೈ?

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಆ ಬೇಸಿಗೆಯ ಜಮಾಖರ್ಚಿಗೆ ಅನ್ವಯಿಸಿದರೆ ಒಂದು ಅಹಿತಕರ ಪ್ರಶ್ನೆ ಏಳುತ್ತದೆ. ಕೈ ಕೆಸರಾದುದು ಯಾರದು, ಬಾಯಿ ಮೊಸರಾದುದು ಯಾರದು?

ಹೋಟೆಲುಗಳು ಮುಚ್ಚಿದ್ದವು. ವಸತಿ ಸಮುಚ್ಚಯಗಳು ಮನೆಗೆಲಸದವರಿಗೆ ಗೇಟಿನಲ್ಲಿಯೇ ತಡೆಯೊಡ್ಡಿದ್ದವು. ಮನೆಮಂದಿಯೆಲ್ಲ ಮೂರು ಹೊತ್ತೂ ಮನೆಯಲ್ಲಿಯೇ ಇದ್ದರು. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ರಾತ್ರಿಯ ರೊಟ್ಟಿ. ಇವುಗಳ ನಡುವೆ ಪಾತ್ರೆ, ಬಟ್ಟೆ, ಕಸ. ಬೇಸಿಗೆಯಾದುದರಿಂದ ಹಪ್ಪಳ, ಸಂಡಿಗೆ, ಮಾವಿನ ಉಪ್ಪಿನಕಾಯಿಗಳ ಕೆಲಸ ಬೇರೆ. ಮನೆಯ ಊಟದಿಂದ ಕುಟುಂಬದ ಆರೋಗ್ಯ ಸುಧಾರಿಸಿತೆಂದು ಹಿಗ್ಗುವಾಗ, ಆ ಆರೋಗ್ಯದ ಬೆಲೆಯನ್ನು ಅನೇಕ ಮನೆಗಳಲ್ಲಿ ಒಬ್ಬಳೇ ಗೃಹಿಣಿ ತನ್ನ ಸೊಂಟ ಮತ್ತು ನಿದ್ರೆಗಳಿಂದ ತೆತ್ತಳೆಂಬುದನ್ನು ಮರೆಯಲಾಗದು. ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳಿಗೆ ಈ ಹೊರೆ ಇಮ್ಮಡಿಯಾಯಿತು. ಕುಂಡಕ್ಕೆ ನೀರೆರೆದ ಯಜಮಾನರು ಕುಡಿದ ಲೋಟವನ್ನೂ ತೊಳೆದ ಮನೆಗಳಿದ್ದವು. ಅಲ್ಲಿ ಆ ಬೇಸಿಗೆ ಹಗುರವಾಗಿ ಕಳೆಯಿತು. ಅಂಥ ಮನೆಗಳು ಎಲ್ಲೆಡೆ ಇರಲಿಲ್ಲ.

ಗೇಟಿನ ಹೊರಗೆ ನಿಂತ ಕೆಲಸದಾಕೆಯ ಸಂಗತಿಯೂ ಇಲ್ಲಿ ಸೇರಬೇಕು. ಬಾರದ ತಿಂಗಳುಗಳಿಗೂ ಪೂರ್ಣ ಸಂಬಳ ಕೊಟ್ಟವರಿದ್ದಾರೆ. ಕೆಲಸವಿಲ್ಲದ ಮೇಲೆ ಸಂಬಳವೇಕೆಂದವರೂ ಇದ್ದಾರೆ. ಅವಳ ಮನೆಯಲ್ಲಿ ಬಾಲ್ಕನಿ ಇರಲಿಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವಲ್ಲಿ ಅಂತರ ಕಾಯ್ದುಕೊಳ್ಳಿರೆಂಬ ಉಪದೇಶಕ್ಕೆ ಅರ್ಥವಿರಲಿಲ್ಲ. ಮನೆಯೇ ದೂರವಾದವರ ಪಾಡು ಇನ್ನೂ ಕಠಿಣ. ಈ ನಗರದ ಕಟ್ಟಡಗಳಲ್ಲಿ ದುಡಿಯುತ್ತಿದ್ದ ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ದೇಶದ ಮೊದಲ ವಿಶೇಷ ರೈಲು ಹೊರಟಿದ್ದು 2020ರ ಮೇ 1ರಂದು, ಇಲ್ಲಿಯ ಲಿಂಗಂಪಲ್ಲಿಯಿಂದ ಜಾರ್ಖಂಡದ ಹಟಿಯಾಕ್ಕೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗರಿಗೆ ಅವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿಸಿಕೊಳ್ಳಬೇಕಾದುದು

ಮರು ವರ್ಷದ ಬೇಸಿಗೆ ಇನ್ನೂ ಕ್ರೂರವಾಗಿತ್ತು. 2021ರ ಎರಡನೆಯ ಅಲೆಯಲ್ಲಿ, ಮೇ 12ರಿಂದ ತೆಲಂಗಾಣದಲ್ಲಿ ಮತ್ತೆ ಲಾಕ್‌ಡೌನ್ ಬಂದಾಗ, ಹಿಂದಿನ ವರ್ಷ ಕುಂಡಗಳಿಗೆ ನೀರೆರೆದಿದ್ದ ಎಷ್ಟೋ ಕೈಗಳು ಉಳಿಯಲಿಲ್ಲ. ಅಂಥ ಮನೆಗಳಲ್ಲಿ ಆ ಗಿಡಗಳನ್ನು ಇಂದಿಗೂ ಯಾರಾದರೊಬ್ಬರು ನೋಡಿಕೊಳ್ಳುತ್ತಿರುವರು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ತುರ್ತುಪರಿಸ್ಥಿತಿಯ ಮುಕ್ತಾಯವನ್ನು ಘೋಷಿಸಿತು. ರಸ್ತೆಗಳಲ್ಲಿ ಹಳೆಯ ಅವಸರ ಮರಳಿದೆ. ಹಲವು ಬಾಲ್ಕನಿಗಳಲ್ಲಿ ಕುಂಡಗಳು ಬರಿದಾಗಿ ಒಂದರೊಳಗೊಂದು ಅಡಗಿ ಕುಳಿತಿವೆ.

ಎಲ್ಲವನ್ನೂ ಉಳಿಸಿಕೊಳ್ಳುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಆದರೆ ಬೆಳಿಗ್ಗೆ ಎದ್ದೊಡನೆ ಕಿಟಕಿಗಳನ್ನು ತೆರೆಯುವುದು, ಹೊರಗಿನಿಂದ ಬಂದವರು ಕೈ ತೊಳೆಯುವುದು, ಕೆಮ್ಮು ನೆಗಡಿಗಳಿದ್ದಾಗ ಮುಖಗವಸು ಧರಿಸುವುದು, ಭಯದಿಂದ ಮುಂದೂಡಿದ ರಕ್ತದೊತ್ತಡ ಸಕ್ಕರೆಗಳ ತಪಾಸಣೆಯನ್ನು ಕ್ರಮವಾಗಿ ಮಾಡಿಸುವುದು, ಇವು ಹಣವನ್ನು ಬೇಡದ ಅಭ್ಯಾಸಗಳು. ಭಾನುವಾರ ಹತ್ತು ಗಂಟೆಗೆ ಮನೆಯ ನಿಂತ ನೀರನ್ನು ಚೆಲ್ಲಲು ಹತ್ತೇ ನಿಮಿಷ ಬೇಕು. ಆ ಕೆಲಸವನ್ನು ಮನೆಯ ಗಂಡಸರೂ ಮಕ್ಕಳೂ ವಹಿಸಿಕೊಂಡು, ಅಷ್ಟರಲ್ಲಿಯೇ ಒಂದು ಕುಂಡದಲ್ಲಿ ಹಿಡಿ ಮೆಂತ್ಯವನ್ನು ಬಿತ್ತಿದರೆ, ತಿಂಗಳೊಳಗಾಗಿ ಸೊಪ್ಪು ಬರುವುದು. ಅದನ್ನು ಸೋಸುವ ಕೆಲಸವನ್ನೂ ಅವರೇ ಮಾಡಲಿ.