ಗೋದಲಿಗೆ ಹುಲ್ಲೇ ಸಾಕು

ಡಿಸೆಂಬರ್ ಬಂತೆಂದರೆ ಮಂಗಳೂರಿನ ಫ್ಯಾನ್ಸಿ ಅಂಗಡಿಗಳ ಮುಂದೆ ಗೋದಲಿಯ ಸಿದ್ಧ ಸರಕು ಸಾಲುಗಟ್ಟುತ್ತದೆ. ಪ್ಲಾಸ್ಟಿಕ್ ಹುಲ್ಲುಹಾಸು, ಮಿನುಗುವ ಹಾರ, ಚೀಲದಲ್ಲಿ ತುಂಬಿಟ್ಟ ನಕಲಿ ಹಿಮ. ಬೆತ್ಲೆಹೇಮಿನಲ್ಲೇ ಹಿಮ ಬೀಳುವುದು ಅಪರೂಪ. ಕರಾವಳಿಯ ಸೆಕೆಯಲ್ಲಿ ನಾವು ಅದನ್ನು ದುಡ್ಡು ಕೊಟ್ಟು ತರುತ್ತೇವೆ!

ಗೋದಲಿಯ ಪರಂಪರೆಗೆ ಇದೆಲ್ಲ ಬೇಕಿರಲಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಯೇಸುಜನನದ ದೃಶ್ಯ ಕಟ್ಟಿದಾಗ ಅಲ್ಲಿದ್ದದ್ದು ಒಂದು ಮೇವಿನ ತೊಟ್ಟಿ, ಒಣಹುಲ್ಲು, ಜೀವಂತ ಎತ್ತು ಮತ್ತು ಕತ್ತೆ. ಇದೇ ಫ್ರಾನ್ಸಿಸರನ್ನು 1979ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಪರಿಸರದ ಪಾಲಕ ಸಂತ ಎಂದು ಘೋಷಿಸಿದರು. ಅವರು ಶುರುಮಾಡಿದ ಗೋದಲಿಯನ್ನು ಥರ್ಮೊಕೋಲಿನಲ್ಲಿ ಕಟ್ಟುವುದು ಸ್ವಲ್ಪ ವಿಚಿತ್ರವೇ. ಕಾನೂನೂ ಒಪ್ಪುವುದಿಲ್ಲ: 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಇದೆ, ಸಿಹಿತಿಂಡಿ ಪೆಟ್ಟಿಗೆಗೆ ಸುತ್ತುವ ತೆಳು ಹಾಳೆಯೂ ಇದೆ.

ಊರ ಮನೆಗಳಲ್ಲಿ ಗೋದಲಿಯ ತಯಾರಿ ಹಬ್ಬಕ್ಕೆ ಎರಡು ವಾರ ಮೊದಲೇ ಆಗುತ್ತಿತ್ತು. ಗೆರಟೆಯಲ್ಲೋ ಹಳೇ ಡಬ್ಬದಲ್ಲೋ ಮಣ್ಣು ತುಂಬಿ ಭತ್ತ ಇಲ್ಲವೇ ರಾಗಿ ಚೆಲ್ಲಿದರೆ ಕ್ರಿಸ್‌ಮಸ್ ಹೊತ್ತಿಗೆ ಬೆರಳುದ್ದದ ಹಸಿರು ಗದ್ದೆ ಸಿದ್ಧ. ನೀರು ಹಾಕುವ ಕೆಲಸ ಮಕ್ಕಳದು. ಗುಡ್ಡಕ್ಕೆ ಮುರಕಲ್ಲಿನ ಚೂರು, ಮಾಡಿಗೆ ಬೈಹುಲ್ಲು. ನಕ್ಷತ್ರಕ್ಕೆ ಬಿದಿರ ಸಲಾಕೆ, ಬಣ್ಣದ ಕಾಗದ, ಮೈದಾ ಅಂಟು. ದೀಪಾವಳಿಗೆ ಗೂಡುದೀಪ ಕಟ್ಟುವ ಕೈಗೆ ಇದೇನೂ ಹೊಸ ವಿದ್ಯೆಯಲ್ಲ. ಒಳಗೊಂದು ಸಣ್ಣ ಎಲ್‌ಇಡಿ ಬಲ್ಬ್ ಇಟ್ಟರೆ ಕಾಗದಕ್ಕೆ ಬಿಸಿಯೂ ತಾಗದು, ಕರೆಂಟೂ ಉಳಿಯುತ್ತದೆ.

ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್ ಹಂಚುವ ರೀತಿಯೂ ಬದಲಾಗಿದೆ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿಗಳನ್ನು ತಟ್ಟೆಯಲ್ಲಿಟ್ಟು ಮೇಲೊಂದು ಕಸೂತಿ ಬಟ್ಟೆ ಹೊದಿಸಿ ನೆರೆಮನೆಗೆ ಕೊಡುತ್ತಿದ್ದರು. ತಟ್ಟೆ ಬರಿದಾಗಿ ವಾಪಸ್ಸು ಬರುತ್ತಿರಲಿಲ್ಲ, ಸಕ್ಕರೆಯಾದರೂ ಇರುತ್ತಿತ್ತು. ಈಗ ಪಾರದರ್ಶಕ ಡಬ್ಬಿ. ಅದು ವಾಪಸ್ಸು ಬರುವುದಿಲ್ಲ, ತೊಟ್ಟಿಗೆ ಹೋಗುತ್ತದೆ. ಹಬ್ಬದ ಕಸ ತಗ್ಗಿಸಲು ಒಂದೇ ಒಂದು ಕೆಲಸ ಮಾಡುವುದಾದರೆ, ಸ್ಟೀಲ್ ತಟ್ಟೆಯನ್ನು ಮತ್ತೆ ಹೊರತೆಗೆಯಿರಿ ಎನ್ನುತ್ತೇನೆ.

ಉಡುಗೊರೆ ಸುತ್ತುವ ಕಾಗದಕ್ಕೊಂದು ಸುಲಭ ಪರೀಕ್ಷೆಯಿದೆ. ಮುಷ್ಟಿಯಲ್ಲಿ ಹಿಸುಕಿ ಬಿಡಿ. ಉಂಡೆಯಾಗಿಯೇ ಉಳಿದರೆ ಬಹುತೇಕ ಬರೀ ಕಾಗದ; ಅರಳಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇರುವ ಸಂಭವವೇ ಹೆಚ್ಚು. ಮಿಂಚುಪುಡಿ ಮೆತ್ತಿದ ಕಾಗದವಂತೂ ರದ್ದಿಗೂ ಬೇಡ. ಆ ಪುಡಿ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಸಣ್ಣ ಚೂರು; ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಿಂದ ಬಿಡಿಯಾಗಿ ಮಾರುವ ಅಂಥ ಪುಡಿಗೆ ತಡೆ ಹಾಕಿದೆ.

ಇನ್ನು ಮರದ ವಿಚಾರ. ಅಟ್ಟದ ಮೇಲೆ ಪ್ಲಾಸ್ಟಿಕ್ ಮರವಿದ್ದವರು ಪರಿಸರಪ್ರೇಮ ಉಕ್ಕಿ ಅದನ್ನು ಎಸೆಯಬೇಡಿ. ಎಸೆದರೆ ಅದು ಕರಗುವುದಿಲ್ಲ, ಪ್ರತಿವರ್ಷ ಬಳಸಿದರೆ ಹೊಸದೊಂದನ್ನು ಕೊಳ್ಳುವುದು ತಪ್ಪುತ್ತದೆ. ‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿಸಿಕೊಂಡ ಹೊಸ ಸಾಮಾನಿಗಿಂತ ಮನೆಯಲ್ಲಿರುವ ಹಳೆಯದೇ ಮೇಲು. ಮರವೇ ಇಲ್ಲದವರಿಗೆ ಗಾಳಿಮರದ ಒಂದು ಟೊಂಗೆ ಸಾಕು, ತೋಟದ್ದಾಗಿರಲಿ. ಕಡಲ ಗಾಳಿ ತಡೆಯಲೆಂದು ದಂಡೆಯಲ್ಲಿ ನೆಟ್ಟ ಸಾಲಿಗೆ ಕತ್ತಿ ಹಾಕಬೇಡಿ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಮಾರುವ ಅರಕೇರಿಯಾವನ್ನು ಕುಂಡದಲ್ಲೇ ಬೆಳೆಸಿದರೆ ಹಲವು ಹಬ್ಬಕ್ಕೆ ಬರುತ್ತದೆ. ಜನವರಿ 6ರ ಮೂವರು ರಾಯರ ಹಬ್ಬ ಮುಗಿದು ಗೋದಲಿ ಬಿಚ್ಚುವಾಗ ಬೈಹುಲ್ಲು ಹಟ್ಟಿಗೆ, ಭತ್ತದ ಸಸಿ ಗೊಬ್ಬರದ ಗುಂಡಿಗೆ, ಕುಂಡ ಅಂಗಳಕ್ಕೆ. ಗಿಡವನ್ನು ಮನೆಯ ಗೋಡೆ ಪಕ್ಕ ನೆಲಕ್ಕೆ ಮಾತ್ರ ಇಳಿಸಬೇಡಿ. ತವರಾದ ನಾರ್ಫೋಕ್ ದ್ವೀಪದಲ್ಲಿ ಅದು 50 ಮೀಟರ್ ದಾಟಿ ಬೆಳೆಯುವ ಮರ.