ಆಡಿ ಗೆಲ್ಲದ ಕಪ್ಪು, ಆಡಿಸಿ ಗೆದ್ದರು!

ಎತ್ತರ ಬರೀ 5 ಅಡಿ 6 ಅಂಗುಲ. ಆಟವೋ ಬ್ಯಾಸ್ಕೆಟ್‌ಬಾಲ್! ಆರಡಿ ದಾಟಿದವರ ನಡುವೆ ಇವಳೇನು ಆಡಿಯಾಳು ಎಂದು ಮೂಗು ಮುರಿಯುವವರ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದಾಕೆ ಅಮೆರಿಕದ ಡಾನ್ ಸ್ಟೇಲಿ.

ಹುಟ್ಟಿದ್ದು 1970ರಲ್ಲಿ, ಫಿಲಡೆಲ್ಫಿಯಾ ನಗರದ ಕಪ್ಪು ಜನಾಂಗದ ಕುಟುಂಬದಲ್ಲಿ. ಐವರು ಮಕ್ಕಳಲ್ಲಿ ಕೊನೆಯವಳು. ಬಡವರಿಗೆಂದು ಸರ್ಕಾರ ಕಟ್ಟಿಸಿದ ವಸತಿಯಲ್ಲಿ ವಾಸ. ಅಲ್ಲಿನ ಗಂಡುಹುಡುಗರ ಜತೆ ಗುದ್ದಾಡಿಕೊಂಡೇ ಆಟ ಕಲಿತಳು. 1988ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿದಳು.

ಕೈಗೆ ಬಂದ ತುತ್ತು

1990, 1991, 1992. ಮೂರು ವರ್ಷವೂ ಆಕೆಯ ತಂಡ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಕೊನೆಯ ನಾಲ್ಕು ತಂಡಗಳಲ್ಲೊಂದು. ಮೂರು ವರ್ಷವೂ ಬರಿಗೈ! 1991ರ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯವರೆಗೂ ಹೋರಾಡಿ ಟೆನೆಸ್ಸಿಗೆ 70-67ರಲ್ಲಿ ಸೋಲು. 28 ಪಾಯಿಂಟ್ ಹೊಡೆದ ಸ್ಟೇಲಿ, ಸೋತ ತಂಡದಲ್ಲಿದ್ದೂ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡಳು. 1992ರ ಸೆಮಿಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಎದುರು 66-65. ಒಂದೇ ಒಂದು ಪಾಯಿಂಟು, ಸ್ವಾಮಿ!

ಡಿಗ್ರಿ ಮುಗೀತು. ಮುಂದೆ ಹೊಟ್ಟೆಪಾಡು? ಗಂಡಸರಿಗೆ ಎನ್‌ಬಿಎ ಇತ್ತು. ಹೆಂಗಸರಿಗೆ ಸಂಬಳ ಕೊಟ್ಟು ಆಡಿಸುವ ಲೀಗ್ ಆಗ ಅಮೆರಿಕದಲ್ಲೇ ಇರಲಿಲ್ಲ! ಎರಡು ವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿ ಎಂಬ ಪ್ರಶಸ್ತಿ ಹೊತ್ತವಳು ಗಂಟುಮೂಟೆ ಕಟ್ಟಿಕೊಂಡು ಫ್ರಾನ್ಸ್, ಇಟಲಿ, ಸ್ಪೇನ್, ಬ್ರೆಜಿಲ್ ಅಂತ ಅಲೆದಳು.

1996ರಲ್ಲಿ ಅಟ್ಲಾಂಟ ಒಲಿಂಪಿಕ್ಸ್ ಚಿನ್ನ. ಅದೇ ವರ್ಷ ಎಬಿಎಲ್ ಎಂಬ ಮಹಿಳಾ ಲೀಗ್ ಶುರುವಾಗಿ ಊರಲ್ಲೇ ದುಡಿಮೆ ಸಿಕ್ಕಿತು. ಎಷ್ಟು ದಿನ? 1998ರ ಡಿಸೆಂಬರ್‌ನಲ್ಲಿ ಲೀಗೇ ದಿವಾಳಿ. 1999ರಲ್ಲಿ ಡಬ್ಲ್ಯುಎನ್‌ಬಿಎಯ ಷಾರ್ಲಟ್ ತಂಡ ಕೈಹಿಡಿಯಿತು.

ಎರಡು ದೋಣಿ

2000ದಲ್ಲಿ ತಮ್ಮೂರಿನ ಟೆಂಪಲ್ ವಿಶ್ವವಿದ್ಯಾಲಯ ಕೋಚ್ ಕೆಲಸಕ್ಕೆ ಕರೆಯಿತು. ಇಲ್ಲಿಂದ 'ಹುಡುಗಿ' ಹೋಗಿ 'ಮೇಡಂ' ಬಂತು. ಆಟ ಮಾತ್ರ ಬಿಡಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರೆ ಅಂತಾರಲ್ಲ, ಸ್ಟೇಲಿಯವರು ಮುಳುಗಲಿಲ್ಲ. ಕಾಲೇಜು ಪಂದ್ಯಗಳು ಚಳಿಗಾಲದಲ್ಲಿ, ಲೀಗ್ ಬೇಸಿಗೆಯಲ್ಲಿ. ಆರು ತಿಂಗಳು ಆಡಿಸೋದು, ಆರು ತಿಂಗಳು ಆಡೋದು! 2006ರವರೆಗೂ ಹೀಗೇ ನಡೆಯಿತು. ನಡುವೆ 2000 ಮತ್ತು 2004ರಲ್ಲಿ ಇನ್ನೆರಡು ಒಲಿಂಪಿಕ್ಸ್ ಚಿನ್ನ.

2008ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಕೋಚ್ ಆದರು. ಮೊದಲ ವರ್ಷ 10 ಗೆಲುವು, 18 ಸೋಲು. ಎದೆಗುಂದಲಿಲ್ಲ. 2017ರಲ್ಲಿ ಬಂತು ನೋಡಿ, ಕಾಲೇಜು ದಿನಗಳಲ್ಲಿ ಕೈತಪ್ಪಿದ್ದ ಅದೇ ರಾಷ್ಟ್ರೀಯ ಪ್ರಶಸ್ತಿ! 2022ರಲ್ಲಿ ಮತ್ತೊಮ್ಮೆ. 2024ರಲ್ಲಂತೂ 38 ಪಂದ್ಯ, 38 ಗೆಲುವು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ಮಹಿಳಾ ತಂಡಕ್ಕೂ ಇವರೇ ಕೋಚ್. 2025ರ ಒಪ್ಪಂದದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಸಂಬಳ. ಒಂದು ಕಾಲಕ್ಕೆ ಸ್ವದೇಶದಲ್ಲಿ ಆಡಿ ಬದುಕುವುದಕ್ಕೇ ದಾರಿಯಿಲ್ಲದವರಿಗೆ!

ಬಲೆಯ ತುಂಡು

ಕಾಲೇಜು ಪ್ರಶಸ್ತಿ ಗೆದ್ದವರು ಬುಟ್ಟಿಯ ಬಲೆ ಕತ್ತರಿಸಿ ನೆನಪಿಗೆ ಇಟ್ಟುಕೊಳ್ಳುವುದು ಅಲ್ಲಿನ ಪದ್ಧತಿ. 1999ರಲ್ಲಿ ಪರ್ಡ್ಯೂ ತಂಡವನ್ನು ಗೆಲ್ಲಿಸಿದ ಕಪ್ಪು ಜನಾಂಗದ ಕೋಚ್ ಕರೋಲಿನ್ ಪೆಕ್, ತಮ್ಮ ಬಲೆಯ ತುಂಡೊಂದನ್ನು 2015ರಲ್ಲಿ ಸ್ಟೇಲಿಯವರಿಗೆ ಕೊಟ್ಟು, ಗೆದ್ದ ಮೇಲೆ ಹಿಂದಿರುಗಿಸು ಎಂದಿದ್ದರು. ಸ್ಟೇಲಿ ಗೆದ್ದರು. 2017ರ ತಮ್ಮ ಬಲೆಯನ್ನು ತುಂಡು ತುಂಡು ಮಾಡಿ, 2021ರಲ್ಲಿ ಕಾಲೇಜು ತಂಡಗಳ ಕಪ್ಪು ಜನಾಂಗದ ಮಹಿಳಾ ಕೋಚ್‌ಗಳಿಗೆ ಅಂಚೆಯಲ್ಲಿ ಕಳಿಸಿಬಿಟ್ಟರು.