ದಾಸರ ಪದ: ಊರಲ್ಲೂ ಕೇಳೋಣ, ರೆಕಾರ್ಡಿನಲ್ಲೂ ಕೇಳೋಣ

ಮಕ್ಕಳೇ, ರಾಯಚೂರು ಜಿಲ್ಲೆ ಎಂದರೆ ನಿಮಗೆ ಏನು ನೆನಪಾಗುತ್ತದೆ? ಬಿಸಿಲು, ಹತ್ತಿ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ. ಪಾಠದ ಪುಸ್ತಕದಲ್ಲಿ ಇಷ್ಟು ಇರುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ ಇನ್ನೊಂದು ಗಣಿಯೂ ಇದೆ. ಅದು ಹಾಡಿನ ಗಣಿ. ಸುಮಾರು ಮುನ್ನೂರು ವರ್ಷಗಳಿಂದ ಅಗೆಯುತ್ತಿದ್ದರೂ ಅದು ಬರಿದಾಗಿಲ್ಲ.

ನಾನು ಚಂದ್ರಬಂಡದವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಓದಿದ್ದು ಬಿ.ಕಾಂ. ನನಗೆ ಸಂಗೀತದ ಪಾಠವಾಗಿಲ್ಲ, ರಾಗ ಗುರುತಿಸಲೂ ತಡವರಿಸುತ್ತೇನೆ. ಆದರೂ ಕೇಳುವ ಸುಖಕ್ಕೆ ಪದವಿ ಬೇಕಾಗಿಲ್ಲ. ನನ್ನಂಥ ಸಾಮಾನ್ಯ ಕೇಳುಗನಿಗೆ ದಾಸರ ಪದ ಹೇಗೆ ದಕ್ಕುತ್ತದೆ ಎಂಬುದನ್ನು ಅಜ್ಜ–ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಓದಲಿ ಎಂದು ಬರೆಯುತ್ತಿದ್ದೇನೆ.

ಮೂರು ಊರು, ಮೂವರು ದಾಸರು

ಪುರಂದರದಾಸರು, ಕನಕದಾಸರು ನಿಮಗೆಲ್ಲ ಗೊತ್ತು. ಅವರು 16ನೇ ಶತಮಾನದವರು. ಅವರ ನಂತರ ಹಾಡಿನ ಹೊಳೆ ಸ್ವಲ್ಪ ಕಾಲ ಸೊರಗಿತು. ಮತ್ತೆ ಅದು ತುಂಬಿ ಹರಿದದ್ದು ನಮ್ಮ ಜಿಲ್ಲೆಯಲ್ಲಿ.

ಮೊದಲನೆಯವರು ವಿಜಯದಾಸರು (1682–1755). ಮಾನ್ವಿ ಭಾಗದ ತುಂಗಭದ್ರೆಯ ದಂಡೆಯ ಚೀಕಲಪರ್ವಿ ಅವರ ಊರು. ಕಡುಬಡತನದಲ್ಲಿ ಬೆಳೆದು ಊರು ಬಿಟ್ಟು ಅಲೆದವರು. ಕಾಶಿಯಲ್ಲಿದ್ದಾಗ ಪುರಂದರದಾಸರು ಕನಸಿನಲ್ಲಿ ಬಂದು ಹಾಡಲು ಹೇಳಿದರು ಎಂಬುದು ಭಕ್ತರ ನಂಬಿಕೆ. ಸುಳಾದಿಗಳಿಗೆ ಅವರು ದೊಡ್ಡ ಹೆಸರು.

ಎರಡನೆಯವರು ಅವರ ಶಿಷ್ಯರಾದ ಗೋಪಾಲದಾಸರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಅವರ ಊರು, ಭಾಗಣ್ಣ ಎಂಬುದು ಮೊದಲಿನ ಹೆಸರು.

ಮೂರನೆಯವರು ಜಗನ್ನಾಥದಾಸರು (1728–1809). ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಇವರ ಕಥೆ ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಮೊದಲು ಇವರು ಶ್ರೀನಿವಾಸಾಚಾರ್ಯರು, ಸಂಸ್ಕೃತದ ಘನ ಪಂಡಿತರು. ಕನ್ನಡದಲ್ಲಿ ಹಾಡುತ್ತ ಕುಣಿಯುವ ದಾಸರೆಂದರೆ ಅಸಡ್ಡೆ. ಒಮ್ಮೆ ವಿಜಯದಾಸರು ಊಟಕ್ಕೆ ಕರೆದರೆ, ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪದ ಹೊಟ್ಟೆನೋವು ನಿಜದ ಹೊಟ್ಟೆನೋವಾಯಿತು, ಯಾವ ಔಷಧಕ್ಕೂ ಬಗ್ಗಲಿಲ್ಲ. ಕೊನೆಗೆ ಗೋಪಾಲದಾಸರ ಬಳಿ ಹೋದಾಗ ಅವರು ಕೊಟ್ಟದ್ದು ನಮ್ಮ ಕಡೆಯ ಜೋಳದ ರೊಟ್ಟಿ ಎನ್ನುತ್ತಾರೆ ಕಥೆ ಹೇಳುವವರು. ರೊಟ್ಟಿ ತಿಂದು ನೋವು ಹೋಯಿತು, ಅಸಡ್ಡೆಯೂ ಹೋಯಿತು. ಕನ್ನಡ ಹಾಡನ್ನು ಹಗುರವಾಗಿ ಕಂಡ ಆ ಪಂಡಿತರೇ ಮುಂದೆ ಕನ್ನಡದಲ್ಲಿ ‘ಹರಿಕಥಾಮೃತಸಾರ’ ಬರೆದರು.

ಚೀಕಲಪರ್ವಿ, ಮೊಸರಕಲ್ಲು, ಮಾನ್ವಿ: ಈ ಮೂರನ್ನೂ ರಜೆಯಲ್ಲಿ ಅಜ್ಜನ ಕೈ ಹಿಡಿದು ನೋಡಿ ಬರಬಹುದು. ಪಕ್ಕದ ಲಿಂಗಸುಗೂರಿನಲ್ಲಿ ಪ್ರಾಣೇಶದಾಸರಿದ್ದರು. ಅದೇ ಊರಿನಲ್ಲಿ ಕಳೆದ ಶತಮಾನದಲ್ಲಿ ಗೊರೆಬಾಳ ಹನುಮಂತರಾಯರು ದಾಸರ ಹಾಡುಗಳನ್ನು ಕಲೆಹಾಕಿ ಪುಸ್ತಕ ಮಾಡಿಸಿದರು.

ಹಾಡಿನ ಲೆಕ್ಕ

ಬ್ಯಾಂಕಿನವನಾದ ನನಗೆ ಹಾಡಿನೊಳಗೂ ಲೆಕ್ಕ ಕಂಡರೆ ಸಂತೋಷ. ಹರಿಕಥಾಮೃತಸಾರ ಇರುವುದು ಭಾಮಿನೀ ಷಟ್ಪದಿಯಲ್ಲಿ, ಎಂದರೆ ಕುಮಾರವ್ಯಾಸನ ಭಾರತದ ಧಾಟಿಯಲ್ಲಿ. ಒಂದು ಪದ್ಯಕ್ಕೆ ಆರು ಸಾಲು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು: ಇದು ನಡೆ. 1, 2, 4, 5ನೇ ಸಾಲುಗಳಿಗೆ ತಲಾ 14 ಮಾತ್ರೆ, 3 ಮತ್ತು 6ನೇ ಸಾಲಿಗೆ ತಲಾ 23 ಮಾತ್ರೆ. ಕೂಡಿಸಿ ನೋಡಿ, 102 ಬರುತ್ತದೆ. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೂ ಲೆಕ್ಕ ತಾಳೆಯಾಗುವುದಿಲ್ಲ. ಮಕ್ಕಳೇ, ‘ತಕಿಟ ತಕಧಿಮಿ’ ಎಂದು ಚಪ್ಪಾಳೆ ತಟ್ಟುತ್ತ ಅಜ್ಜಿ ಹಾಡುವಾಗ ಜೊತೆಗೂಡಿ, ವ್ಯಾಕರಣದ ಪಾಠ ತಾನಾಗಿ ತಲೆಗೆ ಹೋಗುತ್ತದೆ.

ದಾಸರ ರಚನೆಗಳಲ್ಲಿ ಬೇರೆ ಬೇರೆ ಜಾತಿಯವು ಇವೆ. ಪಲ್ಲವಿ, ಅನುಪಲ್ಲವಿ, ಚರಣ ಇದ್ದರೆ ಅದು ಕೀರ್ತನೆ. ತಾಳದ ಕಟ್ಟಿಲ್ಲದೆ, ಮಾತಾಡಿದಂತೆ ರಾಗದಲ್ಲಿ ಬಿಡಿಸಿ ಹೇಳಿದರೆ ಉಗಾಭೋಗ. ಒಂದೇ ರಚನೆಯಲ್ಲಿ ತಾಳಗಳು ಬದಲಾಗುತ್ತ ಹೋದರೆ ಸುಳಾದಿ. ಹೆಣ್ಣುಮಕ್ಕಳು ಕೆಲಸ ಮಾಡುತ್ತ ಹಾಡಿಕೊಳ್ಳುವ ತ್ರಿಪದಿಯಲ್ಲೂ ಜಗನ್ನಾಥದಾಸರು ‘ತತ್ತ್ವಸುವ್ವಾಲಿ’ ಬರೆದಿದ್ದಾರೆ.

ಕೊನೆಯ ಚರಣದಲ್ಲಿ ಅಂಕಿತ ಇರುತ್ತದೆ. ಚೆಕ್ಕಿನ ಕೆಳಗಿನ ರುಜು ನೋಡಿ ಇದು ಯಾರದು ಎಂದು ಹೇಳುವುದು ನನ್ನ ದಿನದ ಕೆಲಸವಾಗಿತ್ತು. ಅಂಕಿತವೂ ಅಂಥದ್ದೇ ರುಜು. ‘ವಿಜಯವಿಠಲ’ ಬಂದರೆ ವಿಜಯದಾಸರು, ‘ಗೋಪಾಲವಿಠಲ’ ಬಂದರೆ ಗೋಪಾಲದಾಸರು, ‘ಜಗನ್ನಾಥವಿಠಲ’ ಬಂದರೆ ಜಗನ್ನಾಥದಾಸರು, ‘ಪುರಂದರವಿಠಲ’ ಬಂದರೆ ಪುರಂದರದಾಸರು. ರೇಡಿಯೊದಲ್ಲಿ ಹಾಡು ಬಂದಾಗ ಕೊನೆಯವರೆಗೆ ಕಾದು ‘ಇದು ಯಾರ ರುಜು?’ ಎಂದು ಮಕ್ಕಳು ಪಂದ್ಯ ಕಟ್ಟಬಹುದು.

ಎದುರು ಕೂತು ಕೇಳುವ ಸುಖ

ಹಾಡನ್ನು ಹಾಡುವವರ ಎದುರು ಕೂತು ಕೇಳಬೇಕು. ದಾಸರು ಕಾಲಿಗೆ ಗೆಜ್ಜೆ ಕಟ್ಟಿ, ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ ಹಿಡಿದು ಬೀದಿಯಲ್ಲಿ ಹಾಡಿದವರು. ಈಗಲೂ ಆರಾಧನೆಯ ದಿನಗಳಲ್ಲಿ ಭಜನಾ ಮಂಡಳಿಯವರು ತಾಳ, ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಕೂರುತ್ತಾರೆ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಕೂತ ಕೇಳುಗನ ತುಟಿಯೂ ಮೂರನೆಯ ಸಲಕ್ಕೆ ಅಲ್ಲಾಡುತ್ತದೆ. ಇಲ್ಲಿ ಟಿಕೆಟ್ಟಿಲ್ಲ, ಪ್ರಸಾದವಂತೂ ಉಂಟು!

ಕ್ಯಾಲೆಂಡರಿನಲ್ಲಿ ಈ ದಿನಗಳನ್ನು ಗುರುತು ಹಾಕಿಕೊಳ್ಳಿ. ಭಾದ್ರಪದ ಶುದ್ಧ ನವಮಿ ಜಗನ್ನಾಥದಾಸರದು, ಕಾರ್ತಿಕ ಶುದ್ಧ ದಶಮಿ ವಿಜಯದಾಸರದು, ಪುಷ್ಯ ಬಹುಳ ಅಷ್ಟಮಿ ಗೋಪಾಲದಾಸರದು, ಪುಷ್ಯದ ಅಮಾವಾಸ್ಯೆ ಪುರಂದರದಾಸರದು. ಶ್ರಾವಣದಲ್ಲಿ ಮಂತ್ರಾಲಯದ ರಾಯರ ಆರಾಧನೆ.

ನಮ್ಮ ಸೀಮೆಯಲ್ಲಿ ಹಾಡು ಒಂದೇ ಮನೆತನದ್ದಲ್ಲ. ಹಳ್ಳಿಗಳಲ್ಲಿ ಏಕತಾರಿ ಹಿಡಿದು ಬೆಳತನಕ ತತ್ವಪದ ಹಾಡುವವರಿದ್ದಾರೆ. ಮೊಹರಂ ಬಂತೆಂದರೆ ಹಿಂದೂ ಮುಸ್ಲಿಮರೆನ್ನದೆ ರಿವಾಯತ್ ಪದ ಹಾಡುತ್ತಾರೆ, ಮುದಗಲ್ಲಿನ ಮೊಹರಂ ನೋಡಲು ದೂರದೂರದಿಂದ ಜನ ಬರುತ್ತಾರೆ. ಅದೇ ಮುದಗಲ್ಲಿನಲ್ಲಿ ಬಹು ಹಳೆಯದೊಂದು ಕ್ರೈಸ್ತ ದೇವಾಲಯವೂ ಇದೆ.

ಇನ್ನೊಂದು ಸಂಗತಿ ಕೇಳಿ. ದಾಸರ ಹಾಡುಗಳನ್ನು ಮೊದಮೊದಲು ಅಚ್ಚುಹಾಕಿ ಪುಸ್ತಕ ಮಾಡಿದವರು ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್. 1850ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ ಆ ಕೆಲಸವಾಯಿತು. ಅವರ ನಂತರ ಬಂದ, ನಿಘಂಟಿನ ಕಿಟೆಲ್ಲರು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ ಎಂದು 1862ರಲ್ಲಿ ಬರೆದರು. ಹಾಡಿನ ದಾರಿಯಲ್ಲಿ ಹೀಗೆ ಕೊಡುವುದು, ಕೊಳ್ಳುವುದು ನಡೆದೇ ಇರುತ್ತದೆ.

ಕಡಲಾಚೆಯ ಅಕ್ಕ

ಬಡವರು ತಮ್ಮ ನೋವನ್ನು ದೇವರ ಮುಂದೆ ಹಾಡಾಗಿಸುವುದು ಕನ್ನಡದಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಗುಲಾಮರಾಗಿ ದುಡಿದ ಕರಿಯ ಜನ ಹೊಲದಲ್ಲಿ, ಪ್ರಾರ್ಥನೆಯಲ್ಲಿ ಹಾಡಿಕೊಂಡರು. ಗುಲಾಮಗಿರಿ ಹೋದ ಮೇಲೆ, 1871ರಲ್ಲಿ, ನ್ಯಾಶ್‌ವಿಲ್ ಊರಿನ ಫಿಸ್ಕ್ ಶಾಲೆಯ ವಿದ್ಯಾರ್ಥಿಗಳು ಆ ಹಾಡುಗಳನ್ನು ಊರೂರಿಗೆ ಹೋಗಿ ಹಾಡಿ ಹಣ ತಂದು ತಮ್ಮ ಮುಚ್ಚಿಹೋಗಲಿದ್ದ ಶಾಲೆಯನ್ನು ಉಳಿಸಿದರು. ಮುಂದೆ 1930ರ ಸುಮಾರಿಗೆ ಅಲ್ಲಿ ‘ಗಾಸ್ಪೆಲ್’ ಎಂಬ ಹೊಸ ಹಾಡುಗಾರಿಕೆ ಬೆಳೆಯಿತು. ಅದನ್ನು ಬೆಳೆಸಿದ ಥಾಮಸ್ ಡಾರ್ಸಿ ಎಂಬವರು 1932ರಲ್ಲಿ ಹೆರಿಗೆಯ ವೇಳೆ ಹೆಂಡತಿಯನ್ನೂ ಹಸುಗೂಸನ್ನೂ ಕಳೆದುಕೊಂಡರು. ಆ ದುಃಖದಲ್ಲಿ ಕಟ್ಟಿದ ಹಾಡು ಇವತ್ತಿಗೂ ಲೋಕದ ಕಣ್ಣು ತೇವ ಮಾಡುತ್ತದೆ.

ಅದನ್ನು ಹಾಡಿ ಹೆಸರಾದವರಲ್ಲಿ ಮಹೇಲಿಯಾ ಜಾಕ್ಸನ್ (1911–1972) ದೊಡ್ಡವರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಹೆಸರಾಂತ ಭಾಷಣಕ್ಕೆ ಮುಂಚೆ ಹಾಡಿದವರು ಇವರೇ. 1971ರಲ್ಲಿ ಭಾರತಕ್ಕೂ ಬಂದು ಹಾಡಿದರು. ಭಾಷೆ ಅರ್ಥವಾಗದಿದ್ದರೂ ಒಮ್ಮೆ ಕೇಳಿ. ಅಲ್ಲೂ ಒಬ್ಬರು ಎತ್ತಿಕೊಡುತ್ತಾರೆ, ಗುಂಪು ಹಿಡಿಯುತ್ತದೆ, ಚಪ್ಪಾಳೆಯೇ ತಾಳ. ನಮ್ಮ ಭಜನೆಗೆ ಕಡಲಾಚೆ ಒಬ್ಬ ಅಕ್ಕ ಇದ್ದಾಳೆ ಅನ್ನಿಸುತ್ತದೆ.

ಮೂರು ನಿಮಿಷದ ತಟ್ಟೆ

ಈಗ ರೆಕಾರ್ಡಿನ ಮಾತು. ಭಾರತದಲ್ಲಿ ಗ್ರಾಮಫೋನಿಗಾಗಿ ಹಾಡು ಹಿಡಿಯಲು ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ! ಅದೂ ಒಂದು ಬಗೆಯ ಅಂಕಿತವೇ. ಈ ಗೌಹರ್ ಜಾನ್ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ.

ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಹಾಡು ಹಿಡಿಯುತ್ತಿತ್ತು, ಅಷ್ಟೇ. ಐದು ಏಳು ಚರಣದ ಪದ ಅದರೊಳಗೆ ಹೇಗೆ ಕೂರಬೇಕು? ಪಲ್ಲವಿ ಬೇಕು, ಅಂಕಿತದ ಚರಣ ಬಿಡುವಂತಿಲ್ಲ. ಆದ್ದರಿಂದ ಕತ್ತರಿ ಬಿದ್ದದ್ದು ನಡುವಿನ ಚರಣಗಳಿಗೆ. ಆಮೇಲೆ ನಿಮಿಷಕ್ಕೆ 33 ಸುತ್ತಿನ ದೊಡ್ಡ ತಟ್ಟೆ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕಿತು. 1980ರ ದಶಕದಲ್ಲಿ ಕ್ಯಾಸೆಟ್ಟು ಮನೆಮನೆಗೆ ಬಂತು.

ಗದಗಿನ ಕಡೆಯ ಪಂಡಿತ ಭೀಮಸೇನ ಜೋಶಿಯವರು ಕನ್ನಡ ದಾಸರ ಪದಗಳನ್ನು ಹಿಂದೂಸ್ತಾನಿ ಗಾಯನದ ಗತ್ತಿನಲ್ಲಿ ಹಾಡಿ ‘ದಾಸವಾಣಿ’ಯನ್ನು ಮಹಾರಾಷ್ಟ್ರದವರೂ ಕೇಳುವಂತೆ ಮಾಡಿದರು. ತಮಿಳುನಾಡಿನ ಎಂ.ಎಲ್. ವಸಂತಕುಮಾರಿಯವರು ಪುರಂದರದಾಸರನ್ನು ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಮನೆಮಾತು ಮಾಡಿದರು. ಕ್ಯಾಸೆಟ್ಟಿನ ಕಾಲದಲ್ಲಿ ವಿದ್ಯಾಭೂಷಣರ ದನಿ ಕರ್ನಾಟಕದ ಬೆಳಗಾಯಿತು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರ ವಚನಗಾಯನವನ್ನೂ ಈ ಸಾಲಿಗೆ ಸೇರಿಸಿಕೊಳ್ಳಿ.

ಕೇಳುವುದಕ್ಕೆ ನನ್ನದೊಂದು ಸಲಹೆ. ಒಂದೇ ಪದವನ್ನು ಇಬ್ಬರ ದನಿಯಲ್ಲಿ ಒಂದರ ಹಿಂದೆ ಒಂದು ಕೇಳಿ. ಮೊದಲ ಸಲ ಅರ್ಥ ಮರೆತು ದನಿ ಮಾತ್ರ ಕೇಳಿ. ಎರಡನೆಯ ಸಲ ಪುಸ್ತಕ ಎದುರಿಟ್ಟುಕೊಂಡು ಯಾವ ಚರಣ ಬಿಟ್ಟಿದ್ದಾರೆ ಎಂದು ನೋಡಿ. ಬಿಟ್ಟ ಚರಣವನ್ನು ಮನೆಯಲ್ಲಿ ಯಾರಾದರೂ ಹಾಡಿ ತೋರಿಸಲಿ.

ಮನೆಯ ಧಾಟಿ

ಇಲ್ಲಿಗೆ ಬಂದಾಗ ಒಂದು ಚಿಂತೆ ಕಾಡುತ್ತದೆ. ದಾಸರ ಪದದ ಮಾತು ಓಲೆಗರಿಯಲ್ಲಿ, ಪುಸ್ತಕದಲ್ಲಿ ಉಳಿಯಿತು. ಆದರೆ ಧಾಟಿ ಉಳಿದದ್ದು ಬಾಯಿಂದ ಬಾಯಿಗೆ. ಪುಸ್ತಕದಲ್ಲಿ ರಾಗದ ಹೆಸರು ಬರೆದಿರಬಹುದು, ಹಾಡುವ ಬಗೆ ಬರೆದಿರುವುದಿಲ್ಲ. ಒಂದೊಂದು ಊರಿಗೆ, ಒಂದೊಂದು ಮನೆಗೆ ತನ್ನದೇ ಧಾಟಿ ಇತ್ತು. ದೊಡ್ಡ ಗಾಯಕರ ರೆಕಾರ್ಡು ಬಂದ ಮೇಲೆ ಎಲ್ಲರೂ ಅದನ್ನೇ ಹಿಡಿದರು. ಅದು ಗಾಯಕರ ತಪ್ಪಲ್ಲ, ಅಷ್ಟು ಚೆಂದ ಹಾಡಿದರೆ ಯಾರು ತಾನೇ ಹಿಡಿಯುವುದಿಲ್ಲ? ಆದರೆ ಮನೆಯ ಧಾಟಿ ಮೆಲ್ಲಗೆ ಮರೆಯಾಗುತ್ತಿದೆ.

ನಮ್ಮ ತಾಯಿ ಜೋಳ ಬೀಸುತ್ತ ತತ್ತ್ವಸುವ್ವಾಲಿ ಹಾಡುತ್ತಿದ್ದರು. ಬೀಸುಗಲ್ಲಿನ ಸುತ್ತಿಗೆ ಸರಿಯಾಗಿ ಸಾಲು ತಿರುಗುತ್ತಿತ್ತು. ಆ ಧಾಟಿಯನ್ನು ನಾನು ಯಾವ ರೆಕಾರ್ಡಿನಲ್ಲೂ ಕೇಳಿಲ್ಲ. ಈಗ ಅದು ಪೂರ್ತಿ ಬರುವುದು ನನ್ನ ಅಕ್ಕನಿಗೆ ಮಾತ್ರ, ಅವಳಿಗೆ 81 ವರ್ಷ. ಹೋದ ದೀಪಾವಳಿಯಲ್ಲಿ ನನ್ನ ಮೊಮ್ಮಗಳು ಫೋನು ಹಿಡಿದು ಅವಳ ಎದುರು ಕೂತಳು. ಎರಡು ಪದ್ಯ ಆದ ಮೇಲೆ ಹುಡುಗಿ, “ಅಜ್ಜಿ, ಇದು ಕ್ಯಾಸೆಟ್ನಾಗ ಇದ್ದಂಗ ಇಲ್ಲಲ್ಲ?” ಎಂದಳು. ಅಕ್ಕ ನಕ್ಕು, “ಅದು ಅವರದು. ಇದು ನಮ್ಮವ್ವಂದು” ಎಂದಳು. ದಮ್ಮು ಸಾಲದೆ ನಡುನಡುವೆ ನಿಲ್ಲಿಸಿ, ನೀರು ಕುಡಿದು, ಮೂರು ದಿನ ಕೂತು ಹಾಡಿದಳು. ಒಟ್ಟು 22 ನಿಮಿಷ ಸಿಕ್ಕಿದೆ. ನಮ್ಮ ಮನೆಗೆ ಅದು ಠೇವಣಿ.

ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಠೇವಣಿ ಇರುತ್ತದೆ. ದಾಸರ ಪದವೇ ಆಗಬೇಕೆಂದಿಲ್ಲ. ತತ್ವಪದ, ಜೋಗುಳ, ಮೊಹರಂ ಪದ, ಯೇಸುವಿನ ಹಾಡು, ಸೋಬಾನೆ, ಯಾವುದಾದರೂ ಸರಿ. ಹೀಗೆ ಮಾಡಿ:

ಫ್ಯಾನು, ಟಿ.ವಿ. ನಿಲ್ಲಿಸಿ. ಫೋನನ್ನು ಮಡಿಸಿದ ಬಟ್ಟೆಯ ಮೇಲೆ, ಹಾಡುವವರಿಂದ ಒಂದು ಮೊಳ ದೂರದಲ್ಲಿಡಿ.

ಮೊದಲು ದಿನಾಂಕ, ಊರು, ಹಾಡುವವರ ಹೆಸರು ಹೇಳಿ. ಯಾರಿಂದ ಕಲಿತರು ಎಂದು ಅವರ ಬಾಯಿಂದಲೇ ಹೇಳಿಸಿ.

ಮರೆತರೆ ನಡುವೆ ಬಾಯಿ ಹಾಕಬೇಡಿ. ನೆನಪಿಗೆ ಸ್ವಲ್ಪ ಹೊತ್ತು ಕೊಡಿ. ಒಂದೇ ಹಾಡನ್ನು ಎರಡು ಸಲ ಹಿಡಿಯಿರಿ.

ಒಂದು ನೋಟುಪುಸ್ತಕದಲ್ಲಿ ನಾಲ್ಕು ಕಲಂ ಹಾಕಿ: ಹಾಡು, ಅಂಕಿತ, ಕಲಿಸಿದವರು, ಹಾಡುವ ಸಂದರ್ಭ. ಹಾಡಿನ ಪ್ರತಿಯನ್ನು ಎರಡು ಕಡೆ ಇಡಿ. ಬ್ಯಾಂಕಿನಲ್ಲಿ ನಾವು ಯಾವ ಲೆಕ್ಕವನ್ನೂ ಒಂದೇ ಕಡೆ ಇಡುತ್ತಿರಲಿಲ್ಲ.

ಅಜ್ಜ–ಅಜ್ಜಿಯರೇ, ‘ನನ್ನ ದನಿ ಒಡೆದಿದೆ, ನಾನೇನು ಹಾಡಲಿ’ ಎನ್ನಬೇಡಿ. ಮೊಮ್ಮಕ್ಕಳು ಕೇಳುತ್ತಿರುವುದು ಇಂಪಾದ ದನಿಯನ್ನಲ್ಲ, ನಿಮ್ಮ ದನಿಯನ್ನು. ಇಂಪಾದ ದನಿ ಅಂಗಡಿಯಲ್ಲಿ ಸಿಗುತ್ತದೆ. ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಒಂದು ಪದ ಎತ್ತಿಕೊಡಿ, ಮಕ್ಕಳು ಹಿಡಿಯುತ್ತಾರೆ.